ಮಿಕ್ಸಿ ಕೀಳಿಸಿದ ಹಾಳೆ

ನಾಗವೇಣಿಯ ಅಡುಗೆಮನೆಗೆ ಹೊಸದಾಗಿ ಬಂದ ಮಿಕ್ಸಿಗೆ ತನ್ನ ಸಮ ಯಾರೂ ಇಲ್ಲವೆಂಬ ಹೆಮ್ಮೆ. ಒಂದು ದಿನ ಅದು ತನ್ನದೇ ಕೈಪಿಡಿಯನ್ನು ಓದಿ ಕೆರಳಿತು. “ಚಟ್ನಿಗೆ ಮಿಕ್ಸಿಗೆ ಸಾಟಿಯಿಲ್ಲ” ಎಂದು ಬರೆದ ಕೈಪಿಡಿ, ಮುಂದಿನ ಹಾಳೆಯಲ್ಲೇ “ಇಡ್ಲಿ ಹಿಟ್ಟಿಗೆ ಒರಳುಕಲ್ಲೇ ಮೇಲು” ಎಂದಿತ್ತು.

“ನನ್ನ ಪೆಟ್ಟಿಗೆಯಲ್ಲೇ ಬಂದು, ಆ ಮೂಲೆಯ ಕಲ್ಲಿನ ಗುಣಗಾನ ಮಾಡುತ್ತೀಯಾ?”

“ಒಡೆಯಾ, ಆ ಮಾತು ಇರುವುದರಿಂದಲೇ ನಿಮ್ಮ ಹೊಗಳಿಕೆಯನ್ನೂ ಜನ ನಂಬುತ್ತಾರೆ,” ಎಂದಿತು ಕೈಪಿಡಿ.

“ಎದುರಾಳಿಯ ಹೆಸರು ನನ್ನ ಪುಸ್ತಕದಲ್ಲಿ ಇರಕೂಡದು. ಕಿತ್ತು ಹಾಕು!”

ಕೈಪಿಡಿ ಆ ಹಾಳೆಯನ್ನು ಉದುರಿಸಿತು. ಮಿಕ್ಸಿಯ ಎದೆ ಉಬ್ಬಿತು.

ಸಂಜೆ ನಾಗವೇಣಿ ಕೈಪಿಡಿಯನ್ನೆಲ್ಲ ಓದಿ, ಇಡ್ಲಿ ಹಿಟ್ಟಿಗೆ ಮಿಕ್ಸಿ ಬೇಡವೆಂದು ಎಲ್ಲೂ ಬರೆದಿಲ್ಲವಲ್ಲ ಎಂದುಕೊಂಡು ನೆನೆಸಿದ ಉದ್ದಿನಬೇಳೆಯನ್ನು ಮಿಕ್ಸಿಗೇ ಸುರಿದಳು. ಮಿಕ್ಸಿ ಮೈ ಕಾಯಿಸಿಕೊಂಡು ಗರ್ಜಿಸಿತು. ಆದರೂ ಬೆಳಿಗ್ಗೆಗೆ ಹಿಟ್ಟು ಉಬ್ಬಲಿಲ್ಲ, ಇಡ್ಲಿ ಕಲ್ಲಾಯಿತು.

“ಇಡ್ಲಿಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡ ಪುಸ್ತಕ ಚಟ್ನಿಯ ವಿಷಯದಲ್ಲಿ ನಿಜ ಹೇಳೀತೇ?” ಎಂದು ನಾಗವೇಣಿ ಕೈಪಿಡಿಯನ್ನು ಬದಿಗೆಸೆದಳು. ಕಾಯಿತುರಿಯ ತಟ್ಟೆ ಎತ್ತಿಕೊಂಡು ನೇರವಾಗಿ ಹೋಗಿ ಒರಳುಕಲ್ಲಿನ ಮುಂದೆ ಕುಳಿತಳು.

ಚಟ್ನಿಯ ಘಮ ಮಿಕ್ಸಿಯವರೆಗೂ ಬಂತು.