ಹೊಳೆದಂಡೆಯ ನಾಲ್ಕು ಕೋಣೆಯ ಬಿಲ

ಒಂದು ಕಾಡಿನಲ್ಲಿ, ಹೊಳೆಯ ದಂಡೆಯಲ್ಲೇ, ನಾಲ್ಕು ಕೋಣೆಗಳ ಬಿಲವೊಂದು ಮಾರಾಟಕ್ಕಿತ್ತು. ಮಾರುವವನು ನರಿಯಣ್ಣ. ಕೊಳ್ಳಲು ಬಂದವಳು ಸೂಜವ್ವ ಎಂಬ ಮುಳ್ಳುಹಂದಿ. ಅವಳಿಗೆ ಆ ಕಾಡು ಹೊಸದು. ಎರಡು ಪುಟ್ಟ ಮರಿಗಳು, ವರ್ಷವಿಡೀ ಕೂಡಿಟ್ಟ ಒಂದು ಗುಡ್ಡೆ ಗೆಣಸು, ಇಷ್ಟೇ ಅವಳ ಆಸ್ತಿ. ಮರಿಗಳನ್ನೂ ಗೆಣಸನ್ನೂ ಮೇಲಿನ ದಿಬ್ಬದಲ್ಲಿ ಬಿಟ್ಟು ಬಂದಿದ್ದಳು. ಆ ಗೆಣಸು ಕೈಬಿಟ್ಟರೆ ಮಳೆಗಾಲವೆಲ್ಲ ಮರಿಗಳಿಗೆ ಉಪವಾಸವೇ ಗತಿ.

"ಒಂದು ಕೋಣೇಲಿ ನೀನಿರು ಅಕ್ಕಾ, ಮೂರನ್ನ ಬಾಡಿಗೆಗೆ ಬಿಡು. ಅವರು ತಂದುಹಾಕೋದನ್ನ ತಿಂದ್ಕೊಂಡು ಕಾಲು ಚಾಚಿ ಕೂತಿರಬಹುದು. ನನಗೆ ಆ ಗೆಣಸಿನ ಗುಡ್ಡೆ ಕೊಟ್ಟರೆ ಸಾಕು," ಎಂದ ನರಿಯಣ್ಣ.

ಸೂಜವ್ವನಿಗೆ ಆಸೆಯಾಯಿತು. ಒಳಹೊಕ್ಕು ನೋಡಿದಳು. ಒಂದು ಕೋಣೆಯಲ್ಲಿ, ಆಗಲೇ ಬಾಡಿಗೆಗೆ ಇದ್ದಂತೆ, ಮೊಲವೊಂದು ಕುಳಿತಿತ್ತು.

"ಎಷ್ಟು ದಿನದಿಂದ ಇಲ್ಲಿದ್ದೀಯಮ್ಮಾ?"

"ಇವತ್ತು ಬೆಳಿಗ್ಗೆಯಿಂದ," ಎಂದಿತು ಮೊಲ.

ನರಿಯಣ್ಣ ಕಣ್ಣು ಕೆಕ್ಕರಿಸಿದ. ಮೊಲ ಮೆಲ್ಲಗೆ ಹೊರಗೆ ಜಾರಿಕೊಂಡಿತು.

ಸೂಜವ್ವ ತಲೆಯೆತ್ತಿ ನೋಡಿದಳು. ಮೇಲಿನ ಬೇರುಗಳ ನಡುವೆ ಏಡಿಯ ಚಿಪ್ಪೊಂದು ಸಿಕ್ಕಿಕೊಂಡಿತ್ತು. ಅದು ಅಷ್ಟೆತ್ತರಕ್ಕೆ ಹೇಗೆ ಬಂತು? ಹೊಳೆ ಇಲ್ಲಿಯವರೆಗೂ ಏರುತ್ತದೆಯೇ ಎಂದು ಅವಳಿಗೆ ಭಯವಾಯಿತು.

"ಬೇಗ ಹೇಳಕ್ಕಾ! ಸಂಜೆಗೆ ಮುಂಗುಸಿ ಬಂದು ಕೊಂಡುಬಿಡ್ತಾನೆ!"

ಅಷ್ಟರಲ್ಲಿ ಗುಡುಗಿತು.

"ಒಂದು ಮಳೆ ನೋಡೋಣ ಅಣ್ಣಾ. ನೀನು ಒಳಕೋಣೇಲಿ ಕೂತಿರು, ನಾನು ಬಾಗಿಲಲ್ಲಿ ಕೂತಿರ್ತೀನಿ. ನಿನ್ನ ಮೈ ಒದ್ದೆಯಾಗದಿದ್ರೆ ಗೆಣಸೆಲ್ಲಾ ನಿಂದೇ," ಎಂದಳು ಸೂಜವ್ವ.

ನಾಲ್ಕು ಹನಿ ಉದುರಿಸಿ ಹೋಗುವ ಮೋಡ ಎಂದುಕೊಂಡ ನರಿಯಣ್ಣ. ಗೆಣಸಿನ ಆಸೆಗೆ ಒಳಹೊಕ್ಕ. ಮುಳ್ಳುಹಂದಿಗಳು ಯಾವಾಗಲೂ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತವೆ. ಅಂದು ಸೂಜವ್ವ ಹೊಳೆಯ ಮೇಲೆ ಕಣ್ಣಿಡಬೇಕಿತ್ತು. ಮುಖ ಹೊರಗೆ, ಮುಳ್ಳು ಒಳಗೆ ಮಾಡಿ ಕುಳಿತಳು.

ಮಳೆ ಧೋ ಎಂದು ಸುರಿಯಿತು. ಹೊಳೆ ಉಬ್ಬಿತು. ಕೆಸರುನೀರು ಅವಳ ಪಾದದ ಹತ್ತಿರ ಬಂತು.

"ಅಣ್ಣಾ, ಒಳಗೆ ಹೇಗಿದೆ?"

"ಬೆಚ್ಚಗಿದೆ! ಬೆಚ್ಚಗಿದೆ!" ಎಂದು ನರಿಯಣ್ಣ ಕೂಗಿದ. ಆಗಲೇ ಹೊಳೆಬದಿಯ ಗೋಡೆಯಿಂದ ಒಸರಿದ ನೀರು ಅವನ ಹೊಟ್ಟೆ ಮುಟ್ಟಿತ್ತು.

ಮರುಗಳಿಗೆಯೇ ಗೋಡೆ ಕುಸಿದು ಹೊಳೆ ಒಳನುಗ್ಗಿತು. "ಅಯ್ಯೋ, ಸತ್ತೆ!" ಎಂದು ನರಿಯಣ್ಣ ಬಾಗಿಲಿಗೆ ಹಾರಿದ. ನೇರ ಮುಳ್ಳುಗಳಿಗೇ ಮುಖ ಕೊಟ್ಟ. ಸೂಜವ್ವ ಹೊರಗೆ ಜಿಗಿದಳು. ಮೂತಿ ತುಂಬ ಮುಳ್ಳು ಚುಚ್ಚಿಸಿಕೊಂಡ ನರಿಯಣ್ಣ ಕುಂಯ್ಗುಡುತ್ತಾ ಓಡಿದವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಸೂಜವ್ವ ದಿಬ್ಬದ ಮೇಲೆ ಮರಿಗಳ ಜೊತೆ ಗೆಣಸು ತಿನ್ನುತ್ತಾ ಪುಟ್ಟ ಬಿಲ ತೋಡತೊಡಗಿದಳು. ಮೊಲ ಓಡಿಬಂದು, "ನನಗೂ ಒಂದು ಕೋಣೆ ಬಾಡಿಗೆಗೆ ಕೊಡ್ತೀಯಾ ಅಕ್ಕಾ?" ಎಂದಿತು.

"ಕೊಡ್ತೀನಮ್ಮಾ. ನೀನೂ ಒಂದು ಮಳೆ ನೋಡಿ ಆಮೇಲೆ ಹೇಳು," ಎಂದಳು ಸೂಜವ್ವ.

ನೀತಿ: ಗೊತ್ತಿಲ್ಲದ ಜಾಗದಲ್ಲಿ ಮನೆ ಕೊಳ್ಳುವಾಗ ಅವಸರಪಡಿಸುವವನ ಮಾತು ನಂಬಬಾರದು, ಆ ಜಾಗದ ಕಷ್ಟಕಾಲವನ್ನು ಕಣ್ಣಾರೆ ಕಂಡ ಮೇಲೆ ತೀರ್ಮಾನಿಸಬೇಕು.