ದೂರದ ಕಾವಲು

ಆರು ಹರಟೆಮಲ್ಲ ಹಕ್ಕಿಗಳು ನೆಲದಲ್ಲಿ ಹುಳು ಕೆದಕುತ್ತಿದ್ದವು. ಏಳನೆಯವನಾದ ಬೂದಣ್ಣ ಮಾತ್ರ, ಗಿಡುಗ ಬಂದರೆ ಕೂಗಿ ತಿಳಿಸಲೆಂದು ದೂರದ ಆಲದ ಕೊಂಬೆಯಲ್ಲಿ ಕೂತಿರುತ್ತಿದ್ದ. ಅವನ ಪಾಲು ಅಲ್ಲಿಗೇ ಹೋಗುತ್ತಿತ್ತು. ಅದನ್ನು ಕಂಡು ಆ ಆರರಲ್ಲೊಬ್ಬನಾದ ಕೆಂಚನಿಗೆ ಹೊಟ್ಟೆಯುರಿ.

"ಬೂದಣ್ಣ, ನಾವಿಲ್ಲಿ ಮಣ್ಣು ಕೆದಕಿ ಸಾಯಬೇಕು, ನೀನು ನೆರಳಲ್ಲಿ ಹಾಯಾಗಿದ್ದೀಯ. ಇವತ್ತು ಆ ಜಾಗ ನನಗೆ ಬಿಡು."

"ಆಗಲಿ. ಆಕಾಶದ ಮೇಲೆ ಕಣ್ಣಿಟ್ಟಿರು" ಎಂದು ಬೂದಣ್ಣ ಇಳಿದು ಬಂದ.

ಕೆಂಚ ಕೊಂಬೆ ಏರಿದ. ಕೆಳಗೆ ಬೂದಣ್ಣನ ಸುತ್ತ ಎಲ್ಲರೂ ನಗುವುದು ಕಾಣಿಸಿತು, ಮಾತು ಕೇಳಿಸಲಿಲ್ಲ. "ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ! ದಪ್ಪ ಹುಳುವನ್ನೂ ಅವನಿಗೇ ಕೊಟ್ಟರು!" ಎಂದು ಉರಿಯುತ್ತ ಅವರನ್ನೇ ದಿಟ್ಟಿಸಿದ.

ಗಿಡುಗ ಎರಗಿತು. ಬೂದಣ್ಣ ಬಾಲದ ಗರಿಗಳನ್ನು ಕಳೆದುಕೊಂಡು ಹೇಗೋ ಪೊದೆ ಸೇರಿದ.

"ಅಷ್ಟು ದೊಡ್ಡ ಗಿಡುಗ ನಿನಗೆ ಕಾಣಿಸಲಿಲ್ಲವೇ?" ಎಂದು ಎಲ್ಲರೂ ಕೇಳಿದರು.

ಕೆಂಚ ತಲೆ ತಗ್ಗಿಸಿದ. "ನಾನು ನಿಮ್ಮನ್ನೇ ನೋಡುತ್ತಿದ್ದೆ" ಎಂದ.