ತಟ್ಟೆಯ ಮೇಲಿನ ಹೆಸರು

“ಗುರುಗಳೇ, ನಿಜವಾಗಿ ಏನೂ ಇಲ್ಲದವರು ಯಾರೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಮಠದ ವಿದ್ಯಾನಿಧಿಗೆ ಅರ್ಜಿ ಹಾಕಿದವರ ಮನೆಗಳನ್ನು ನೋಡಿಬರುವ ಕೆಲಸ ಅವನದು. ಕೈಯಲ್ಲಿ ಒಬ್ಬ ಹುಡುಗಿಯ ಅರ್ಜಿ ಇತ್ತು. ಸೋಮವಾರದೊಳಗೆ ಕಾಲೇಜಿಗೆ ಶುಲ್ಕ ಕಟ್ಟದಿದ್ದರೆ ಅವಳ ಸೀಟು ಇನ್ನೊಬ್ಬರ ಪಾಲು. ಶಿಷ್ಯ ಆಗಲೇ ಅರ್ಜಿಯ ಮೂಲೆಯಲ್ಲಿ ಕೆಂಪು ಶಾಯಿಯಿಂದ ‘ಬೇಡ’ ಎಂದು ಬರೆದಾಗಿತ್ತು. ಗುರುಗಳ ರುಜು ಒಂದು ಬಾಕಿ.

“ನಿನ್ನೆ ಹೋಗಿದ್ದೆ. ಕೂರಲು ಮೆತ್ತೆ ಹಾಕಿದ ಕುರ್ಚಿ, ತಿನ್ನಲು ತುಪ್ಪ ಜಿನುಗುವ ಕೇಸರಿಭಾತು. ಇಷ್ಟಿದ್ದೂ ಇಲ್ಲ ಎಂದು ಬರೆದುಕೊಡುತ್ತಾರೆ. ನಾಚಿಕೆಗೆಟ್ಟ ಜನ!”

ಗುರುಗಳು ನಕ್ಕರು. “ಸುಳ್ಳು ಹೇಳುವುದರಲ್ಲಿ ಏಳು ಹೋಬಳಿಗೆ ನಾನೇ ದೊರೆ ಕಣಪ್ಪ. ನನಗೂ ಮಣ್ಣು ಮುಕ್ಕಿಸಿದವನು ಒಬ್ಬನಿದ್ದ. ಅವನ ಕತೆ ಕೇಳು.”

ಒಂದು ಊರಿನಲ್ಲಿ ಒಬ್ಬ ಬುಟ್ಟಿ ಹೆಣೆಯುವವನಿದ್ದ. ಅವನ ಬುಟ್ಟಿಗಳಿಗಿಂತ ಅವನ ಬಾಯಿ ದೊಡ್ಡದು. ತಾನು ಹೆಣೆದ ಬುಟ್ಟಿಯಲ್ಲಿ ಒಮ್ಮೆ ಕೆರೆಯನ್ನೇ ಹೊತ್ತು ತಂದೆ, ಹನಿ ನೀರು ಸೋರಲಿಲ್ಲ, ದಾರಿ ಸಾಗದೆ ಬೇಸತ್ತು ಮೀನುಗಳು ಮಾತ್ರ ಇಳಿದು ಹೋದವು ಎನ್ನುತ್ತಿದ್ದ. ಬೀದಿಯವರು ನಗುತ್ತಿದ್ದರು. ಯಾರೂ ನಂಬುತ್ತಿರಲಿಲ್ಲ. ನಂಬಲಿ ಎಂದು ಅವನೂ ಹೇಳುತ್ತಿರಲಿಲ್ಲ.

ತೀರಿಹೋದ ಅಕ್ಕನ ಮಗಳನ್ನು ಅವನೇ ಸಾಕಿದ್ದ. ಹುಡುಗಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಶುಲ್ಕಕ್ಕೆ ದಾರಿ ಸಿಗಲಿಲ್ಲ. ಅವಳು ಒಬ್ಬ ಸಾಹುಕಾರನ ಧರ್ಮನಿಧಿಗೆ ಅರ್ಜಿ ಹಾಕಿದಳು. ಮನೆ ನೋಡಲು ಬರುತ್ತೇವೆ ಎಂದು ಉತ್ತರ ಬಂತು.

ಆ ಬೀದಿಯಲ್ಲಿ ಮನೆ ನೋಡಲು ಬರುತ್ತಿದ್ದವರು ಗಂಡಿನ ಕಡೆಯವರು ಮಾತ್ರ. ಅವರ ಕಣ್ಣಿಗೆ ಯಾರ ಮನೆಯೂ ಬರಿದಾಗಿ ಕಾಣಬಾರದು. ಬೀದಿಗೆ ಬೀದಿಯೇ ತಂದು ತುಂಬಬೇಕು. ಅದು ಅಲ್ಲಿನ ಕಟ್ಟಳೆ. ಈ ಸಲವೂ ಹಾಗೇ ಆಯಿತು. ಎದುರು ಮನೆಯಿಂದ ಕುರ್ಚಿ ಬಂತು, ಪಕ್ಕದ ಮನೆಯಿಂದ ಟೇಬಲ್ ಫ್ಯಾನು, ಹಿಂದಿನ ಮನೆಯಿಂದ ತುಪ್ಪ, ಉಳಿದ ಮನೆಗಳಿಂದ ತಟ್ಟೆ, ಲೋಟ.

ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. “ಬೇಡ ಮಾವ, ಅವರು ಬರೋದು ನಮ್ಮ ಬಡತನ ನೋಡೋಕೆ.”

“ಹುಚ್ಚು ಮುಂಡೇದೇ, ಬಡತನ ನೋಡೋಕೆ ಯಾರಾದ್ರೂ ಬಸ್ ಚಾರ್ಜು ಹಾಕ್ಕೊಂಡು ಬರ್ತಾರೇನೇ? ಸರಿ ಆ ಕಡೆ.”

ಧರ್ಮನಿಧಿಯ ಗುಮಾಸ್ತ ಬಂದ. ಕುರ್ಚಿಯಲ್ಲಿ ಕೂತ. ಫ್ಯಾನಿನ ಗಾಳಿಗೆ ಮುಖ ಒಡ್ಡಿದ. ಕೇಸರಿಭಾತನ್ನು ಎರಡು ಸಲ ಹಾಕಿಸಿಕೊಂಡು ತಿಂದ. ತಿನ್ನುತ್ತಲೇ ಕೇಳಿದ, “ಎಮ್ಮೆ ಎಷ್ಟು?”

ಉಣ್ಣುವವರನ್ನು ನಗಿಸುವುದು ಬುಟ್ಟಿಯವನ ಚಟ. “ಕರೆಯೋದು ಮೂರು, ತಾವಾಗೇ ಚೊಂಬು ಕಚ್ಚಿಕೊಂಡು ಬಂದು ಹಾಲು ಕೊಟ್ಟುಹೋಗೋದು ಎರಡು, ಸ್ವಾಮಿ!”

ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ಕೈ ತೊಳೆದು ಬಂದು ‘ಎಮ್ಮೆ ಐದು’ ಎಂದು ಬರೆದುಕೊಂಡ.

ಹದಿನೈದು ದಿನಕ್ಕೆ ಕಾಗದ ಬಂತು. ‘ಸ್ಥಿತಿವಂತರು. ಸಹಾಯಕ್ಕೆ ಅರ್ಹರಲ್ಲ.’

ಬುಟ್ಟಿಯವನು ಅದನ್ನು ಹುಡುಗಿಯಿಂದ ಮೂರು ಸಲ ಓದಿಸಿದ. ಅವನ ಮೈಯೆಲ್ಲ ಉರಿಯಿತು. ಗುಮಾಸ್ತ ಉಂಡ ತಟ್ಟೆ, ಲೋಟ, ಬಟ್ಟಲುಗಳನ್ನು ಮತ್ತೆ ಎರವಲು ಕೇಳಿ ಬುಟ್ಟಿಗೆ ತುಂಬಿದ. ನೇರ ಕಚೇರಿಗೆ ಹೋಗಿ ಗುಮಾಸ್ತನ ಮೇಜಿನ ಮೇಲೆ ಸುರಿದ.

“ಓದಿ ಸ್ವಾಮಿ! ನಿಮಗೆ ಅಕ್ಷರ ಬರುತ್ತಲ್ಲ? ಪಾತ್ರೆ ಕೊಂಡ ದಿನವೇ ಅಂಗಡೀಲಿ ಹೆಸರು ಕೊರೆಸ್ತೀವಿ ನಮ್ಮ ಕಡೆ. ತಟ್ಟೆ ಮೇಲೆ ದ್ಯಾವಮ್ಮ, ಲೋಟದ ಮೇಲೆ ಹುಸೇನಬಿ, ಬಟ್ಟಲ ಮೇಲೆ ಪುಟ್ಟಮಾದಯ್ಯ. ನಮ್ಮ ಮನೆಯ ಒಂದು ಹೆಸರು ಇದ್ರೆ ತೋರಿಸಿ. ಕೇಸರಿಭಾತು ಬಳಿದು ತಿಂದ್ರಲ್ಲ, ತಳದಲ್ಲಿದ್ದದ್ದು ಕಾಣಲಿಲ್ವಾ?”

“ಆಗಲೇ ಯಾಕೆ ಹೇಳಲಿಲ್ಲ?”

“ಉಣ್ಣೋಕೆ ಕೂತವರ ಮುಂದೆ ತಟ್ಟೆ ಎರವಲಿಂದು ಅಂತಾರೇನ್ರೀ? ನಿಮ್ಮ ಮನೇಲಿ ಅಂತೀರಾ?”

ಗುಮಾಸ್ತ ತಲೆ ಎತ್ತಲಿಲ್ಲ. “ಎಮ್ಮೆ ಐದು ಅಂದವನು ನೀನೇ. ಸುಳ್ಳು ಹೇಳಿದವರಿಗೆ ನಿಧಿ ಇಲ್ಲ.”

ಆ ಹೊತ್ತಿಗೆ ಶುಲ್ಕದ ದಿನ ಮುಗಿದಿತ್ತು. ಹುಡುಗಿ ಮಾವನ ಪಕ್ಕ ಕೂತು ಬಿದಿರು ಸೀಳತೊಡಗಿದಳು. ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಂದಿನಿಂದ ಅವನ ಬಾಯಿಂದ ಒಂದು ತಮಾಷೆಯ ಸುಳ್ಳೂ ಬರಲಿಲ್ಲ. ಆ ಬೀದಿಯಲ್ಲಿ ಈಗ ಹೊರಗಿನವರು ಬಂದರೆ, ನೀರು ಕೊಡುವ ಮೊದಲು ಯಾಕೆ ಬಂದಿರಿ ಎಂದು ಕೇಳುತ್ತಾರೆ.

ಕತೆ ಮುಗಿಯಿತು. ಶಿಷ್ಯನ ಮುಖ ಕೋಪದಿಂದ ಕೆಂಪಾಗಿತ್ತು.

“ಎಂಥ ಕಟುಕ ಗುರುಗಳೇ ಆ ಗುಮಾಸ್ತ! ಉಂಡ ಮನೆಗೆ ಎರಡು ಬಗೆದನಲ್ಲ. ಅವನ ಕಣ್ಣಿಗೇನು ಮಣ್ಣು ಬಿದ್ದಿತ್ತೆ?”

ಗುರುಗಳು ಈಗ ನಗುತ್ತಿರಲಿಲ್ಲ. ಅರ್ಜಿಯನ್ನು ಅವನ ಕಡೆಗೇ ತಳ್ಳಿದರು.

“ನಿನ್ನೆ ನೀನು ಉಂಡ ತಟ್ಟೆಯ ಮೇಲೆ ಯಾರ ಹೆಸರಿತ್ತು?”